ಎಪ್ಪತ್ತು ಸೆಕೆಂಡಿನ ಜುಟ್ಟು

ಸೇಡು ತೀರಿಸಿಕೊಳ್ಳಲೆಂದೇ ನಾನು ಈ ಕೆಲಸಕ್ಕೆ ಸೇರಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಪಾಪದವಳು ಎಂದುಕೊಂಡು ಓದುವುದು ಬೇಡ. ನನ್ನ ಹೆಸರು ರುದ್ರಮ್ಮ. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಹದಿಮೂರು ವರ್ಷ ಫೋಟೋ ಸ್ಟುಡಿಯೋ ನಡೆಸಿದೆ. ಮದುವೆ, ಸೀಮಂತ, ಪಾಸ್‌ಪೋರ್ಟ್ ಸೈಜು, ಎಲ್ಲ ತೆಗೆದಿದ್ದೇನೆ. ಈಗ ಸಿಡಿಲಿನ ಫೋಟೋ ತೆಗೆಯುತ್ತೇನೆ.

ಜಾಗ ಹಿರೇಬಯಲು ಸೌರ ಪಾರ್ಕು. ಕಣ್ಣು ಹಾಯುವಷ್ಟು ದೂರ ಎದೆಮಟ್ಟದ ನೀಲಿ ಪ್ಯಾನಲ್ಲುಗಳು, ನೆರಳಿಗೆ ಒಂದು ಜಾಲಿಗಿಡವನ್ನೂ ಉಳಿಸಿಲ್ಲ. ಇಂಥ ಬಟಾಬಯಲಿನಲ್ಲಿ ಎದ್ದು ನಿಂತ ಮನುಷ್ಯನೇ ಎಲ್ಲಕ್ಕಿಂತ ಎತ್ತರ. ಏಪ್ರಿಲ್, ಮೇ ಬಂತೆಂದರೆ ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟುತ್ತದೆ. ಮಳೆ ನಾಲ್ಕು ಹನಿ, ಧೂಳು ನಾಲ್ಕು ಗಾಡಿ, ಅದರ ನಡುವೆ ಸಿಡಿಲು. ಪ್ಯಾನಲ್ಲಿನ ಧೂಳು ತೊಳೆಯಲು ಸುತ್ತಲ ಹಳ್ಳಿಗಳಿಂದ ಅರವತ್ತೆರಡು ಹೆಂಗಸರು ಬರುತ್ತಾರೆ. ಮೊದಲು ಅರವತ್ತಮೂರು ಜನ ಇದ್ದರು. ಅರವತ್ತಮೂರನೆಯವಳು ನನ್ನ ಅಕ್ಕ ಕೆಂಚಮ್ಮ.

ನಮ್ಮ ಕ್ಯಾಮೆರಾದ ವಿಷಯ ಸ್ವಲ್ಪ ಹೇಳಬೇಕು. ಸಿಡಿಲು ಮೇಲಿನಿಂದ ಬೀಳುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಅದು ಅರ್ಧ ಮಾತ್ರ ನಿಜ. ಮೋಡದಿಂದ ಒಂದು ಎಳೆ ಇಳಿಯುವಾಗ ನೆಲದಿಂದಲೂ ಎಳೆಗಳು ಮೇಲಕ್ಕೆ ಏಳುತ್ತವೆ: ಕಂಬದ ತುದಿಯಿಂದ, ಮರದ ನೆತ್ತಿಯಿಂದ, ಬಯಲಲ್ಲಿ ನಿಂತವರ ತಲೆಯಿಂದ. ಎರಡು ಎಳೆಗಳು ಕೂಡಿದ ಕಡೆ ಸಿಡಿಲು. ಹಳೆಯ ಕ್ಯಾಮೆರಾಗಳು ಕೂಡುವ ಗಳಿಗೆಯನ್ನಷ್ಟೇ ಹಿಡಿಯುತ್ತಿದ್ದವು. ಹಿಡಿದು ಏನು ಬಂತು? ಅಷ್ಟರಲ್ಲಿ ಬೀಳಬೇಕಾದವರ ಮೇಲೆ ಬಿದ್ದಿರುತ್ತಿತ್ತು. ನಮ್ಮ ಕ್ಯಾಮೆರಾ ನೆಲದ ಎಳೆ ಹುಟ್ಟುವ ಮೊದಲೇ ಆ ತುದಿಯಲ್ಲಿ ಜಿನುಗುವ ನೇರಳಾತೀತ ಬೆಳಕನ್ನು ನೋಡುತ್ತದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಪರದೆಯ ಮೇಲೆ ಮಾತ್ರ ತಲೆಯಿಂದ ಒಂದು ಗೇಣು ಮೇಲೆದ್ದ ಬಿಳಿ ಕೂದಲಿನ ಹಾಗೆ ಕಾಣುತ್ತದೆ. ಅದು ಕಾಣಿಸಿದ ಎಪ್ಪತ್ತು ಸೆಕೆಂಡಿಗೆ ಅಲ್ಲಿ ಸಿಡಿಲು ಬಿತ್ತೆಂದೇ ಲೆಕ್ಕ.

ಕಾಗದಪತ್ರದಲ್ಲಿ ಇದಕ್ಕೆ ಉದ್ದದ ಹೆಸರಿದೆ. ತೊಳೆಯುವ ಹೆಂಗಸರು ಜುಟ್ಟು ಅನ್ನುತ್ತಾರೆ. ಈಗ ಇಂಜಿನಿಯರುಗಳೂ ಜುಟ್ಟು ಅನ್ನುತ್ತಾರೆ.

ಜುಟ್ಟು ಎದ್ದವರು ಸುಮ್ಮನೆ ಕುಕ್ಕರುಗಾಲಲ್ಲಿ ಕೂತರೆ ಸಾಲದು. ಸುತ್ತ ಕಬ್ಬಿಣ, ಅಲ್ಯುಮಿನಿಯಂ ಇದ್ದರೆ ಜುಟ್ಟು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಯಾವ ಕಡೆ ಸರಿದರೆ ಅದು ಇಳಿಯುತ್ತದೆ ಎಂಬುದು ಕಂಟ್ರೋಲ್ ರೂಮಿನ ಪರದೆ ನೋಡುವವರಿಗೆ ಮಾತ್ರ ತಿಳಿಯುತ್ತದೆ. ಅಲ್ಲಿ ನಾನು ಕೂರುತ್ತೇನೆ. ಧೂಳಿನಲ್ಲಿ ಕಂಬ ಯಾವುದು, ಮನುಷ್ಯರು ಯಾರು ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಎಂಟುನೂರು ಮದುವೆ ಫೋಟೋಗಳಲ್ಲಿ ಕಣ್ಣು ಮುಚ್ಚಿದ ಬೀಗರನ್ನು ಹುಡುಕಿ ತೆಗೆದವಳಿಗೆ ಅದು ಗೊತ್ತಾಗುತ್ತದೆ. ಜುಟ್ಟು ಕಂಡ ಹತ್ತು ಸೆಕೆಂಡಿನೊಳಗೆ ಮೈಕಿನಲ್ಲಿ ಹೇಳಬೇಕು, ಅದು ರೂಲು. "ಸಾಲು ಹದಿನೇಳು, ಎಡಕ್ಕೆ." ಅಷ್ಟೇ. ಬಯಲಿನಲ್ಲಿ, ಶೆಡ್ಡಿನಲ್ಲಿ ಇರುವ ಎಲ್ಲ ವಾಕಿಟಾಕಿಗಳಿಗೂ ನನ್ನ ದನಿ ಕೇಳುತ್ತದೆ, ಅಲ್ಲಿಂದ ಯಾರು ಆಡಿದರೂ ಎಲ್ಲರಿಗೂ ಕೇಳುತ್ತದೆ.

ಈ ಯಂತ್ರ ಕಟ್ಟಿದವನು ಚಿದಂಬರ. ಪಾರ್ಕಿನ ಮ್ಯಾನೇಜರೂ ಅವನೇ. ಐವತ್ತರ ಮೇಲಿನ ವಯಸ್ಸು, ಮೆತ್ತಗಿನ ಮಾತು, ಎಲ್ಲರನ್ನೂ ಅಮ್ಮ ಎಂದೇ ಕರೆಯುತ್ತಾನೆ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನ ತನ್ನ ಕೈಯಾರೆ ಟೀ ಬಗ್ಗಿಸಿ ಕೊಟ್ಟ. ಕೆಂಚಮ್ಮನ ತಂಗಿ ಎಂದು ಅವನಿಗೆ ಗೊತ್ತಿರಲಿಲ್ಲ. ವಿಚಾರಣೆಗೆ ಬಂದು ಅತ್ತವರು ಅವ್ವ ಮತ್ತು ಭಾವ. ಅವತ್ತು ನಾನು ಆಸ್ಪತ್ರೆಯ ಶವಾಗಾರದ ಮುಂದೆ ಕೂತಿದ್ದೆ.

ಅಕ್ಕ ಸತ್ತದ್ದು ಎರಡು ವರ್ಷದ ಹಿಂದೆ. ತೊಳೆಯುವ ಹೆಂಗಸರ ಹತ್ತಿರ ಹತ್ತಡಿಯ ಅಲ್ಯುಮಿನಿಯಂ ಕೋಲಿರುತ್ತದೆ, ತುದಿಗೆ ಮಾಪು. ಮೋಡ ಕಟ್ಟಿ ಸೈರನ್ ಆದಾಗ ಕೋಲನ್ನು ಮಣ್ಣಿಗೆ ಚುಚ್ಚಿ ನೆಟ್ಟಗೆ ನಿಲ್ಲಿಸಿ ಶೆಡ್ಡಿಗೆ ಓಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಶೇಂಗಾ ಹೊಲದಲ್ಲಿ ಕಳೆ ತೆಗೆಯುವಾಗ ನಿಂತ ಸಾಲಿಗೆ ಕಡ್ಡಿ ನೆಟ್ಟು ಬರುವ ಅಭ್ಯಾಸ ಹಾಗೇ ಬಂದಿದೆ. ಇಲ್ಲಿವರೆಗೆ ಆಗಿದೆ, ಇನ್ನು ಮುಂದೆ ಇಲ್ಲಿಂದ, ಎಂದು ಅದರ ಅರ್ಥ. ಹೊಲದಲ್ಲಿ ಅದು ಒಣಕಡ್ಡಿ. ಇಲ್ಲಿ ಅದು ಸಿಡಿಲಿಗೆ ಹಾಕಿದ ಏಣಿ.

ಕಂಪನಿಯ ವರದಿಯಲ್ಲಿ ಬರೆದದ್ದು ಇಷ್ಟು: ಸೈರನ್ ಆದ ಮೇಲೂ ಕೆಂಚಮ್ಮ ತನ್ನ ಕೋಲು ತರಲು ತಾನಾಗಿ ಹಿಂದಕ್ಕೆ ಹೋದಳು, ಸ್ವಂತ ಅಜಾಗರೂಕತೆ. ಅಕ್ಕ ಅಂಥವಳಲ್ಲ. ಗುಡುಗಿದರೆ ಮಂಚದ ಕೆಳಗೆ ಹೋಗಿ ಅರ್ಜುನ, ಪಾರ್ಥ, ಫಲ್ಗುಣ ಎಂದು ಜಪಿಸುತ್ತಿದ್ದವಳು, ಮದುವೆಯಾದ ಮೇಲೂ. ನಾವು ನಕ್ಕರೆ ಕೆಳಗಿನಿಂದಲೇ ಬೈಯುತ್ತಿದ್ದಳು. ಅಂಥವಳು ಒಂದು ಕೋಲಿಗೋಸ್ಕರ ಸಿಡಿಲಿನೊಳಗೆ ಹೋದಳೆಂದು ಬರೆದ ಕೈ ಸೇದಿಹೋಗಲಿ.

ಕೆಲಸಕ್ಕೆ ಸೇರಿ ಮೂರು ತಿಂಗಳಾದ ಮೇಲೆ ಹಳೆಯ ಚಿತ್ರಗಳ ಕಡತ ನನ್ನ ಕೈಗೆ ಸಿಕ್ಕಿತು. ಸ್ಟುಡಿಯೋದವಳಿಗೆ ಹಳೆಯ ನೆಗೆಟಿವ್ ಕೆದಕುವ ಚಟ ಹೋಗುವುದಿಲ್ಲ. ಆ ದಿನದ ಚಿತ್ರಗಳು ಎಲ್ಲವೂ ಇದ್ದವು, ಒಂದರ ಹಿಂದೆ ಒಂದು. ಒಂಬತ್ತನೇ ಸಾಲಿನ ಕೊನೆಯಲ್ಲಿ ಒಂದು ಕೋಲು, ಕೋಲಿನ ತುದಿಗೆ ಜುಟ್ಟು. ಚಿತ್ರದ ಅಂಚಿನಲ್ಲಿ ಚಿದಂಬರ, ಎಡಗೈಯಲ್ಲಿ ಟ್ಯಾಬ್ಲೆಟ್ಟು, ಬಲಗೈ ಕೋಲಿನ ಕಡೆ ಚಾಚಿದೆ. ಮುಂದಿನ ಚಿತ್ರದಲ್ಲಿ ಅಕ್ಕ ಸೆರಗು ತಲೆಗೆ ಹೊದ್ದು ಕೋಲಿನ ಕಡೆ ನಡೆಯುತ್ತಿದ್ದಾಳೆ. ಇನ್ನೂ ಮುಂದೆ, ಅವಳ ಕೈ ಕೋಲಿನಿಂದ ಒಂದು ಮಾರು ದೂರವಿರುವಾಗ, ಕೋಲಿನ ತುದಿ ಬೋಳಾಗಿ ಜುಟ್ಟು ಅವಳ ತಲೆಗೆ ಬಂದಿದೆ. ಚಿದಂಬರ ಅವಳನ್ನು ನೋಡುತ್ತಿಲ್ಲ. ಟ್ಯಾಬ್ಲೆಟ್ಟು ನೋಡುತ್ತಿದ್ದಾನೆ. ಕೊನೆಯ ಚಿತ್ರದಲ್ಲಿ ಮೇಲೆ ಮಿಂಚು, ಕೆಳಗೆ ಬರೀ ಬೆಳಕು.

ಆ ಕೊನೆಯ ಚಿತ್ರದ ಗುರುತು ನನಗೆ ಸಿಕ್ಕಿತು. ಯಾಕೆ ಸಿಗುವುದಿಲ್ಲ, ನಮ್ಮ ಮನೆಯ ಗೋಡೆಯ ಮೇಲೇ ಇತ್ತಲ್ಲ. ಕಂಪನಿಯ ಕ್ಯಾಲೆಂಡರಿನ ಮೇ ತಿಂಗಳು. ಕೆಳಗಿನ ಅರ್ಧ ಕತ್ತರಿಸಿ, ಮೇಲಿನ ಆಕಾಶ ಮತ್ತು ಮಿಂಚು ಇಟ್ಟುಕೊಂಡು ಅಚ್ಚು ಹಾಕಿಸಿದ್ದರು. ಅದಕ್ಕೆ ಎಲ್ಲೋ ಪ್ರಶಸ್ತಿಯೂ ಬಂದಿತ್ತಂತೆ. ಪಕ್ಕದ ಮನೆಯವರು ತಂದುಕೊಟ್ಟಾಗ ಅವ್ವ ಎಷ್ಟು ಚೆಂದ ಐತೆ ಎಂದು ತಾನೇ ಮೊಳೆ ಹೊಡೆದು ನೇತುಹಾಕಿದ್ದಳು.

ಆ ಸಂಜೆ ಊರಿಗೆ ಹೋಗಿ ಕ್ಯಾಲೆಂಡರನ್ನು ಗೋಡೆಯಿಂದ ಕಿತ್ತು ಹರಿದೆ. ಅವ್ವ ರೊಟ್ಟಿ ತಟ್ಟುತ್ತಿದ್ದಳು. ನಿನಗೇನು ಬಂತೇ ರೋಗ ಎಂದು ಬೈದಳು. ನಾನು ಎಲ್ಲ ಹೇಳಿದೆ, ಒಂದು ಚಿತ್ರವನ್ನೂ ಬಿಡದೆ. ಅವಳು ಅಳಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಡುವವರೆಗೂ ಕೂತಿದ್ದು ಒಂದೇ ಮಾತು ಕೇಳಿದಳು.

"ಅವತ್ತು ಅವ್ನು ಉಂಡನೇನೆ?"

ನನಗೆ ಗೊತ್ತಿಲ್ಲ ಅಂದೆ. ಉಂಡಿರುತ್ತಾನೆ ಬಿಡು ಅಂದಳು. ಭಾವ ಹೊರಗೆ ಜಗುಲಿಯಲ್ಲಿ ಕೂತು ಕೇಳಿಸಿಕೊಂಡಿದ್ದ. ದೊಡ್ಡವರ ಸಹವಾಸ ಬೇಡ, ಹೋದವಳು ಹೋದಳು ಎಂದು ಗೊಣಗಿದ. ಅವನ ಮೇಲೂ ನನಗೆ ಸಿಟ್ಟು ಬಂತು. ಚಿತ್ರಗಳನ್ನು ಪೊಲೀಸರಿಗೆ ಕೊಡೋಣವೆಂದರೆ ಕೈ ಚಾಚಿದ ಚಿತ್ರಕ್ಕೆ ಬಾಯಿಲ್ಲ. ಬೇಡ ಎಂದು ಕೈ ತೋರಿಸಿದೆ ಎಂದು ಅವನು ಅಂದರೆ ಮುಗಿಯಿತು. ಅವತ್ತು ಅವನ ಬಾಯಿಂದ ಬಂದದ್ದನ್ನು ಕೇಳಿದ ಒಬ್ಬಳಿದ್ದಳು, ತೊಳೆಯುವವರ ಮೇಸ್ತ್ರಿ ಮಾರಕ್ಕ. ವಿಚಾರಣೆಯಲ್ಲಿ ಅವಳು ತನಗೇನೂ ಕೇಳಿಸಲಿಲ್ಲ ಎಂದು ಹೆಬ್ಬೆಟ್ಟು ಒತ್ತಿದ್ದಳು. ಅವಳ ಹೆಸರೂ ನನ್ನ ಪಟ್ಟಿಯಲ್ಲಿತ್ತು.

ನಾನು ಕಾದೆ. ಒಂದು ಇಡೀ ಬೇಸಿಗೆ ಕಾದೆ. ಅಷ್ಟರಲ್ಲಿ ಹನ್ನೊಂದು ಜನರ ಜುಟ್ಟು ಇಳಿಸಿದ್ದೇನೆ, ಒಬ್ಬರಿಗೂ ಹತ್ತು ಸೆಕೆಂಡು ಮೀರಿಸಿಲ್ಲ. ಹೆಂಗಸರು ನನಗೆ ಹುಣಸೆಹಣ್ಣು, ಹುರಿದ ಶೇಂಗಾ ತಂದುಕೊಡುತ್ತಿದ್ದರು. ಮಾರಕ್ಕನೂ ಒಮ್ಮೆ ತಂದಳು. ಅವಳದನ್ನು ಕಸದ ಡಬ್ಬಿಗೆ ಹಾಕಿದೆ, ಅವಳಿಗೆ ಕಾಣುವಂತೆಯೇ.

ಈ ವರ್ಷದ ಮೇ ಮೂರನೇ ವಾರ ನಾನು ಕಾದದ್ದು ಬಂತು. ಕಂಪನಿಗೆ ಹೊಸ ಪುಸ್ತಕ ಮಾಡಿಸುತ್ತಿದ್ದರು, ಅದರ ರಟ್ಟಿಗೆ ಸಿಡಿಲಿನ ಚಿತ್ರ ಬೇಕಿತ್ತು. ಯಂತ್ರ ತೆಗೆದದ್ದರಲ್ಲಿ ಜೀವವಿಲ್ಲ, ಈ ಸಲ ನನ್ನ ಕೈಯಿಂದಲೇ ತೆಗೆಯುತ್ತೇನೆ ಎಂದು ಚಿದಂಬರ ಹೊರಟ. ನಾಲ್ಕು ಗಂಟೆಗೆ ಪಡುವಣದಿಂದ ಮೋಡ ಎದ್ದಿತು. ಸೈರನ್ ಆಯಿತು. ಹೆಂಗಸರು ಎಂದಿನಂತೆ ಕೋಲು ಚುಚ್ಚಿ ಶೆಡ್ಡಿಗೆ ಓಡಿದರು. ಅವನು ಮಾತ್ರ ಎದುರು ದಿಕ್ಕಿಗೆ ನಡೆದು ನಲವತ್ತನೇ ಸಾಲಿನ ನಡುವೆ ಸ್ಟ್ಯಾಂಡು ಬಿಡಿಸಿ ಕ್ಯಾಮೆರಾ ಕೂರಿಸಿದ.

ವಾಕಿಟಾಕಿಯಲ್ಲಿ ನಗುತ್ತಾ ಅಂದ, "ರುದ್ರಮ್ಮ, ನಿಮ್ಮ ಕಣ್ಣು ನಂಬಿಕೊಂಡು ನಿಂತಿದೀನಿ."

ಆಗಲಿ ಸಾಹೇಬ್ರೆ ಅಂದೆ. ಒಂದು ಮಿಂಚು ದೂರದ ಗುಡ್ಡದ ಮೇಲೆ ಹೊಡೆಯಿತು, ಇನ್ನೊಂದು ಬೇಲಿಯ ಆಚೆ. ಧೂಳು ಎದ್ದು ಪರದೆ ಮಂಕಾಯಿತು. ಆ ಮಂಕಿನಲ್ಲಿ ಸ್ಟ್ಯಾಂಡಿನ ಮೂರು ಕಾಲು, ಎರಡು ಕಡೆ ನೆಟ್ಟ ಕೋಲುಗಳು, ನಡುವೆ ಬಗ್ಗಿದ ಅವನು. ಅವನ ನೆತ್ತಿಯಿಂದ ಬಿಳಿ ಎಳೆ ನಿಧಾನಕ್ಕೆ ಎದ್ದಿತು. ಪರದೆಯ ಮೂಲೆಯಲ್ಲಿ ಎಪ್ಪತ್ತು ಎಂದು ಕೆಂಪು ಅಂಕಿ ಬಂದು ಇಳಿಯತೊಡಗಿತು.

ಹತ್ತು ಸೆಕೆಂಡು ನಾನು ಸುಮ್ಮನಿದ್ದೆ. ಹದಿನೈದಾಯಿತು. ಆಮೇಲೆ ಮೈಕು ಒತ್ತಿದೆ.

"ಸಾಹೇಬ್ರೆ, ನಿಮ್ಮ ತಲೆ ಮೇಲೆ ಜುಟ್ಟು ಎದ್ದೈತೆ."

ಅವನು ಥಟ್ಟನೆ ಕುಕ್ಕರಿಸಿದ. ಯಾವ ಕಡೆ ಎಂದು ಕೇಳಿದ. ದನಿ ಇನ್ನೂ ಮೆತ್ತಗೇ ಇತ್ತು. ನಾನು ಹೇಳಲಿಲ್ಲ. ಎರಡು ವರ್ಷದ ಹಿಂದೆ ಒಂಬತ್ತನೇ ಸಾಲಿಗೆ ಕೆಂಚಮ್ಮನನ್ನು ಕಳಿಸಿದ್ದು ಯಾರು, ಅದನ್ನು ಹೇಳಿ, ಆಮೇಲೆ ಕಡೆ ಹೇಳುತ್ತೇನೆ ಅಂದೆ.

"ಯಾವ ಕೆಂಚಮ್ಮ?"

ಅವನು ಸುಳ್ಳು ಹೇಳುತ್ತಾನೆ, ಬೈಯುತ್ತಾನೆ, ಕಾಲು ಹಿಡಿಯುತ್ತಾನೆ, ಎಲ್ಲಕ್ಕೂ ನನ್ನ ಹತ್ತಿರ ಉತ್ತರ ತಯಾರಿತ್ತು. ಇದಕ್ಕಿರಲಿಲ್ಲ. ಅವನು ನಾಟಕ ಆಡುತ್ತಿರಲಿಲ್ಲ. ಪಾಪಿಗೆ ಹೆಸರೇ ನೆನಪಿರಲಿಲ್ಲ. ಪರದೆಯಲ್ಲಿ ಮೂವತ್ತೆಂಟು.

"ನಿಮ್ಮ ಕ್ಯಾಲೆಂಡರಿನ ಮೇ ತಿಂಗಳು. ಕೆಳಗಡೆ ಕತ್ತರಿಸಿ ಬಿಸಾಕಿದ್ರಲ್ಲ, ಅವಳು. ನಾನು ಅವಳ ತಂಗಿ."

ಅವನು ಬಲಕ್ಕೆ ಎರಡು ಹೆಜ್ಜೆ ಅಂಬೆಗಾಲಿಟ್ಟ. ಅಲ್ಲೊಂದು ಕೋಲು ಕಂಡು ಹೆದರಿ ಮತ್ತೆ ಹಿಂದಕ್ಕೆ ಬಂದ. ಕ್ಯಾಮೆರಾ ಹಿಡಿಯಲೆಂದು ಟ್ಯಾಬ್ಲೆಟ್ಟು ಬಿಟ್ಟು ಬಂದಿದ್ದ; ತಾನೇ ಕಟ್ಟಿದ ಯಂತ್ರ, ತನಗೇ ಕಾಣದು. ಇಪ್ಪತ್ತೊಂಬತ್ತಕ್ಕೆ ಅವನ ಬಾಯಿ ಬಿಟ್ಟಿತು. ಆ ಮೆತ್ತಗಿನ ದನಿ ಎಲ್ಲಿ ಹೋಯಿತೋ, ಕಿರುಚಿದ.

"ನಾನೇ ಕಳಿಸಿದ್ದು. ಜುಟ್ಟು ಕೋಲಿನಿಂದ ಮನುಷ್ಯರಿಗೆ ದಾಟುತ್ತೋ ಇಲ್ವೋ ನೋಡ್ಬೇಕಿತ್ತು. ಟೈಮಿತ್ತು, ಕಿತ್ಕೊಂಡು ವಾಪಸ್ ಬರ್ತಾಳೆ ಅಂದ್ಕೊಂಡೆ. ಈಗ ಹೇಳಮ್ಮ, ಎಡಕ್ಕಾ, ಬಲಕ್ಕಾ?"

ನೋಡಬೇಕಿತ್ತಂತೆ. ನನ್ನ ಅಕ್ಕನನ್ನು ಕಡ್ಡಿಯ ಹಾಗೆ ಹಿಡಿದು ಬೆಂಕಿ ಹತ್ತುತ್ತದೋ ಇಲ್ಲವೋ ನೋಡಬೇಕಿತ್ತಂತೆ. ಹತ್ತೊಂಬತ್ತು, ಹದಿನೆಂಟು. ಎಡಕ್ಕೆ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ನಾನು ಮೈಕಿನಿಂದ ಕೈ ತೆಗೆದೆ. ಸುಳ್ಳು ಯಾಕೆ ಹೇಳಲಿ, ಹೇಳುವ ಮನಸ್ಸು ನನಗೆ ಮೊದಲಿನಿಂದಲೂ ಇರಲಿಲ್ಲ. ಅವನು ಎಡಕ್ಕಾ ಬಲಕ್ಕಾ ಎಂದು ಅರಚುತ್ತಿದ್ದ, ನಾನು ಕುರ್ಚಿಗೆ ಒರಗಿ ನೋಡುತ್ತಿದ್ದೆ.

ಅಷ್ಟರಲ್ಲಿ ಶೆಡ್ಡಿನ ವಾಕಿಟಾಕಿಯಿಂದ ಇನ್ನೊಂದು ದನಿ ಬಂತು, ಮಾರಕ್ಕನದು.

"ಸಾಹೇಬ್ರೆ, ನಿಮ್ಮ ಎಡಗಡೆ ಎಂಟು ಹೆಜ್ಜೆಗೆ ದಾರಿ ಅಡಿ ಮೋರಿ ಐತೆ. ಬಗ್ಗಿ ನುಗ್ಗಿ."

ಮೋರಿಯ ವಿಷಯ ನಕ್ಷೆಯಲ್ಲಿ ಚುಕ್ಕಿಯಾಗಿಯೂ ಇಲ್ಲ. ನೀರು ಹೋಗಲೆಂದು ಹಾಕಿದ ಸಿಮೆಂಟಿನ ಕೊಳವೆ. ಬಿಸಿಲಿಗೆ ತಲೆ ಮರೆಸಲು, ಬಟ್ಟೆ ಸರಿಮಾಡಿಕೊಳ್ಳಲು ಹೆಂಗಸರು ಅದರೊಳಗೆ ಹೋಗುತ್ತಾರೆ. ಚಿದಂಬರ ಬಿದ್ದು ಎದ್ದು ಅದರೊಳಕ್ಕೆ ತೂರಿದ. ಜುಟ್ಟು ಅವನ ನೆತ್ತಿಯಿಂದ ಕಳಚಿ ಸ್ಟ್ಯಾಂಡಿನ ಮೇಲೆ ಕೂತಿತು. ಆಮೇಲೆ ಪರದೆ ಬೆಳ್ಳಗಾಯಿತು. ಬಣ್ಣ ಮರಳಿದಾಗ ಸ್ಟ್ಯಾಂಡಿನ ಕಾಲುಗಳು ಕರಗಿ ಬಾಗಿದ್ದವು, ಮೋರಿಯ ಬಾಯಿಂದ ಅವನ ಎರಡು ಬೂಟು ಹೊರಗೆ ಕಾಣುತ್ತಿದ್ದವು. ಬೂಟು ಅಲುಗುತ್ತಿದ್ದವು.

ನಾನು ಹನಿಯುವ ಮಳೆಯಲ್ಲೇ ಶೆಡ್ಡಿಗೆ ಓಡಿದೆ. ಹೆಂಗಸರಲ್ಲಿ ಒಬ್ಬರಿಬ್ಬರು ಅಳುತ್ತಿದ್ದರು. ಮಾರಕ್ಕ ತಗಡಿನ ಗೋಡೆಗೆ ಒರಗಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನಾನು ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ಅವತ್ತು ಬಾಯಿ ಹೊಲಿದುಕೊಂಡಿದ್ದವಳಿಗೆ ಇವತ್ತು ಬಾಯಿ ಎಲ್ಲಿಂದ ಬಂತು ಎಂದು ಕೇಳಿದೆ. ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ. ಅವಳು ಎಲ್ಲ ಕೇಳಿಸಿಕೊಂಡಳು. ಅವತ್ತು ಹೆದರಿದ್ದು ನಿಜ, ಅದಕ್ಕೆ ಬೇಕಾದರೆ ತನ್ನ ಮುಖಕ್ಕೆ ಉಗಿ ಅಂದಳು. ಆಮೇಲೆ ತನ್ನ ರಟ್ಟೆಯಿಂದ ನನ್ನ ಕೈ ಬಿಡಿಸಿದಳು.

"ಅವ್ನು ಸತ್ತಿದ್ರೆ ನಾಳೆ ಬೆಳಗ್ಗೆ ಗೇಟಿಗೆ ಅವ್ನ ಫೋಟೋ ಇಟ್ಟು ಹಾರ ಹಾಕೋರು. ನಮ್ಮ ಕೈಲೇ ಹೂವು ಕಟ್ಟಿಸೋರು. ಬದುಕ್ಲಿ ಬಿಡು. ಬದುಕಿರೋನ ಹತ್ರ ಕೆಲಸ ಐತೆ."

ಅವಳ ಲೆಕ್ಕ ನನಗೆ ಅರ್ಥವಾದದ್ದು ಮರುದಿನ. ರಾತ್ರೋರಾತ್ರಿ ಚಿದಂಬರ ವಾಕಿಟಾಕಿಯ ರೆಕಾರ್ಡು ಅಳಿಸಿಹಾಕಿದ್ದ. ಅಳಿಸಿದ ಮೇಲೆ ನನ್ನ ಮೇಲೆ ದೂರು ಕೊಡಲು ಅವನ ಬಳಿ ಏನೂ ಉಳಿಯಲಿಲ್ಲ. ನಾನು ಎಷ್ಟು ಹೊತ್ತು ಸುಮ್ಮನಿದ್ದೆ ಎಂದು ಹೇಳಿದರೆ ತಾನು ಏನು ಹೇಳಿದೆ ಎಂಬುದೂ ಹೊರಬರಬೇಕು. ಆದರೆ ಅರವತ್ತೆರಡು ಜೊತೆ ಕಿವಿಗಳನ್ನು ಅವನು ಅಳಿಸಲಾರ. ಬೆಳಗ್ಗೆ ಮಾರಕ್ಕ ಅವನ ಕೋಣೆಗೆ ಹೋದಳು, ನಾನೂ ಹಿಂದೆ ಹೋದೆ. ಅವನು ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ. ಅವಳ ಕೋರಿಕೆ ಸಣ್ಣದು. ಸೈರನ್ ಆದಾಗ ನಾವು ಕೋಲು ನೆಟ್ಟು ಬರುತ್ತೇವೆ, ಅದು ನಮ್ಮ ಅಭ್ಯಾಸ, ಬಿಡುವುದಿಲ್ಲ. ಕೋಲು ನಿಂತರೆ ಪ್ಯಾನಲ್ಲಿಗೆ ಅಪಾಯ. ಹಾಗಾಗಿ ಇನ್ನು ಮೇಲೆ ಅವನ್ನು ಕೀಳಲು ನೀವೇ ಹೋಗಬೇಕು, ಒಬ್ಬರೇ, ಟ್ಯಾಬ್ಲೆಟ್ಟಿಲ್ಲದೆ. ಪರದೆ ಮುಂದೆ ರುದ್ರಮ್ಮನೇ ಕೂರಬೇಕು, ಬೇರೆ ಕಣ್ಣು ಕೂತರೆ ನಾವು ಯಾರೂ ಬಯಲಿಗೆ ಇಳಿಯುವುದಿಲ್ಲ. ಕೀಳುವುದು ಸಾಕು ಅನಿಸಿದ ದಿನ ಠಾಣೆಗೆ ಹೋಗಿ, ನಮಗೆ ಹೇಳಿದ್ದನ್ನೇ ಅಲ್ಲಿಯೂ ಹೇಳಿ. ಅವತ್ತಿಗೆ ಮುಗಿಯಿತು.

ಎಷ್ಟು ದಿನ ಎಂದು ಅವನು ಕೇಳಿದ. ಅದು ನಿಮಗೆ ಬಿಟ್ಟದ್ದು ಎಂದು ಮಾರಕ್ಕ ಹೇಳಿದಳು. ಅವನು ನನ್ನನ್ನು ನೋಡಿದ. ನಾನು ಹತ್ತು ಸೆಕೆಂಡಿನ ರೂಲು ಮೀರುವುದಿಲ್ಲವೆಂದು ಬಾಯಿ ಮಾತಿಗಾದರೂ ಹೇಳಲಿ ಎಂದು ಆಸೆಯಿತ್ತೇನೋ. ನಾನು ಹೇಳಲಿಲ್ಲ.

ಆಮೇಲೆ ನಾಲ್ಕು ಸಲ ಮೋಡ ಕಟ್ಟಿತು. ನಾಲ್ಕು ಸಲವೂ ಅವನು ಹೋದ. ಮೊದಲ ಸಲ ಓಡಿ ಓಡಿ ಕೋಲು ಕಿತ್ತ. ಈಗ ಒಂದೊಂದರ ಮುಂದೆಯೂ ನಿಂತು, ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡು, ಮತ್ತೆ ಚಾಚುತ್ತಾನೆ. ತೂಕ ಇಳಿದಿದ್ದಾನೆ. ಊಟದ ಡಬ್ಬಿ ಹಾಗೇ ವಾಪಸ್ಸು ಹೋಗುತ್ತದಂತೆ. ಇದನ್ನು ಅವ್ವನಿಗೆ ತಪ್ಪದೆ ಹೇಳಿದೆ. ಅವ್ವ ಇನ್ನೊಂದು ರೊಟ್ಟಿ ಹಾಕಿಕೊಂಡು ಉಂಡಳು.

ಪ್ರತಿ ಸಲವೂ ಅವನ ತಲೆಯ ಮೇಲೆ ಜುಟ್ಟು ಎದ್ದಿದೆ. ಪ್ರತಿ ಸಲವೂ ನಾನು ಕಡೆ ಹೇಳಿದ್ದೇನೆ, ಹೇಳಿಲ್ಲ ಅನ್ನುವಂತಿಲ್ಲ. ಮೊದಲ ಸಲ ಹತ್ತನೇ ಸೆಕೆಂಡಿಗೆ ಹೇಳಿದೆ. ಎರಡನೇ ಸಲ ಇಪ್ಪತ್ತೈದಕ್ಕೆ. ಮೂರನೇ ಸಲ ನಲವತ್ತಕ್ಕೆ. ನಿನ್ನೆ ಐವತ್ತೈದಕ್ಕೆ. ನಿನ್ನೆ ಅವನು ಶೆಡ್ಡಿಗೆ ಬಂದು ತಲುಪಿದಾಗ ಪ್ಯಾಂಟು ಒದ್ದೆಯಾಗಿತ್ತು, ಮಳೆ ಬಂದಿರಲಿಲ್ಲ. ಹೆಂಗಸರು ಯಾರೂ ನಗಲಿಲ್ಲ. ಮಾರಕ್ಕ ಅವನಿಗೆ ಕುಡಿಯಲು ನೀರು ಕೊಟ್ಟಳು.

ಅವನು ಲೆಕ್ಕದಲ್ಲಿ ಗಟ್ಟಿಗ, ಮುಂದಿನ ಸಂಖ್ಯೆ ಯಾವುದೆಂದು ನಾನು ಹೇಳಿಕೊಡಬೇಕಿಲ್ಲ. ಇವತ್ತು ಮಧ್ಯಾಹ್ನ ಎರಡೂವರೆಗೇ ಪಡುವಣದಲ್ಲಿ ಮೋಡ ಕಾಣಿಸಿದೆ. ಠಾಣೆ ಇಲ್ಲಿಂದ ಆರು ಕಿಲೋಮೀಟರು. ಅವನ ಕಾರು ಗೇಟಿನ ಹತ್ತಿರವೇ ನಿಂತಿದೆ.